ವಾಹನದ ವಿಮೆ ಮತ್ತು ಬೀದಿಯ ಮೂರನೆಯವನು

ಕಳೆದ ಸೋಮವಾರ ಬೆಳಗ್ಗೆ ಪ್ರಾರ್ಥನೆಯ ಗಂಟೆ ಹೊಡೆಯುವ ಮುನ್ನ, ರವೀಂದ್ರನಾಥ ಟಾಗೂರ್ ನಗರದ ನಮ್ಮ ಶಾಲೆಯ ಹಿಂಬದಿಯ ಓಣಿಯಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬ ಸ್ಕೂಟರನ್ನು ಗೋಡೆಯ ಮಗ್ಗುಲಿಗೆ ನಿಲ್ಲಿಸುತ್ತಿದ್ದುದನ್ನು ಕಂಡೆ. ತಲೆಯ ಮೇಲೆ ಹೆಲ್ಮೆಟ್ಟಿಲ್ಲ. ಹಿಂದುಗಡೆ ಅವನ ತಂಗಿ, ಏಳನೆಯ ತರಗತಿಯವಳು. "ಏನಯ್ಯಾ ಇದು?" ಎಂದೆ. "ಇಲ್ಲೇ ಸಾರ್, ಎರಡೇ ನಿಮಿಷದ ದಾರಿ. ಅಪ್ಪಾನೇ ತಗೊಂಡ್ಹೋಗು ಅಂದ್ರು" ಎಂದ. ಬೀಗದ ಕೈಯನ್ನು ಕೇಳಿ ತೆಗೆದುಕೊಂಡೆ. ಹುಡುಗ ತಲೆ ತಗ್ಗಿಸಿ ತರಗತಿಗೆ ಹೋದ. ಆ ದಿನವೆಲ್ಲ ವ್ಯಾಕರಣದ ಪಾಠ ಹೇಳುತ್ತಿದ್ದರೂ ನನ್ನ ಮನಸ್ಸು ಆ ಕೀಲಿಕೈಯ ಸುತ್ತಲೇ ಸುತ್ತುತ್ತಿತ್ತು. ಆ ಎರಡು ನಿಮಿಷಗಳಲ್ಲಿ ಏನಾದರೂ ಆಗಿದ್ದರೆ ಯಾರು ಏನನ್ನು ತೆರಬೇಕಾಗುತ್ತಿತ್ತು ಎಂಬುದು ಆ ತಂದೆಗೆ ತಿಳಿದಿರಲಾರದು ಎಂದು ತೋರಿತು. ನಮ್ಮಲ್ಲಿ ಅನೇಕರಿಗೂ ತಿಳಿದಿಲ್ಲ. ಬಾನುಲಿಯಲ್ಲಿ ಇಂತಹ ವಿಷಯವನ್ನು ಹೇಳಬಹುದಾದರೂ ಅಂಕಿಗಳು ಕಿವಿಯಲ್ಲಿ ನಿಲ್ಲುವುದಿಲ್ಲ; ಆದ್ದರಿಂದ ಈ ಪುಟಗಳಲ್ಲಿ ಬರೆಯುತ್ತಿದ್ದೇನೆ.

ರಸ್ತೆಯ ಅನಾಹುತವನ್ನು ನಾವು 'ಆಕಸ್ಮಿಕ' ಎಂದು ಕರೆಯುವುದುಂಟು. ಪದವನ್ನು ಬಿಡಿಸಿ ನೋಡಿದರೆ 'ಕಸ್ಮಾತ್', ಎಂದರೆ 'ಏತರಿಂದ' ಎಂಬ ಪ್ರಶ್ನೆಗೆ ಉತ್ತರವಿಲ್ಲದ್ದು ಎಂದರ್ಥ. ಆದರೆ ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಮಂತ್ರಾಲಯದ ಲೆಕ್ಕವನ್ನು ನೋಡಿದವರಿಗೆ ಈ ಪದವನ್ನು ಬಳಸುವ ಧೈರ್ಯ ಬರುವುದಿಲ್ಲ. 2022ನೆಯ ಇಸವಿಯೊಂದರಲ್ಲೇ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ದಿನವೊಂದಕ್ಕೆ ಸುಮಾರು 460 ಮಂದಿ. ಇವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಸಾವುಗಳಿಗೆ ಕಾರಣ ಅತಿವೇಗವೆಂದು ಅದೇ ಲೆಕ್ಕ ಹೇಳುತ್ತದೆ. 'ಏತರಿಂದ' ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಉತ್ತರವಿರುವಾಗ ಅದು ಆಕಸ್ಮಿಕ ಹೇಗಾದೀತು?

ವೇಗದ ವಿಷಯವನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ. ನಾನು ಕನ್ನಡ ಪಂಡಿತ. ಗಣಿತ ನನ್ನ ಕ್ಷೇತ್ರವಲ್ಲ. ಆದರೂ ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರ ಪಕ್ಕದಲ್ಲಿ ಕುಳಿತು ಈ ಲೆಕ್ಕವನ್ನು ಮಾಡಿಸಿದ್ದೇನೆ. ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ ಎಂಟು ಮೀಟರಿಗಿಂತ ತುಸು ಹೆಚ್ಚು ಸಾಗುತ್ತದೆ. ಎದುರಿಗೆ ಅಡ್ಡ ಬಂದದ್ದು ಕಣ್ಣಿಗೆ ಬಿದ್ದು, ಬುದ್ಧಿಗೆ ಮುಟ್ಟಿ, ಕೈಕಾಲುಗಳು ಬ್ರೇಕನ್ನು ಒತ್ತುವುದಕ್ಕೆ ಸುಮಾರು ಒಂದು ಸೆಕೆಂಡು ಬೇಕು. ಅಲ್ಲಿಂದ ಮುಂದೆ, ಒಣಗಿದ ಡಾಂಬರು ರಸ್ತೆಯಲ್ಲಿ, ಬ್ರೇಕು ಸರಿಯಾಗಿದ್ದರೆ, ಇನ್ನೈದು ಮೀಟರಿನಲ್ಲಿ ವಾಹನ ನಿಲ್ಲುತ್ತದೆ. ಒಟ್ಟು 13 ಮೀಟರು. ಈಗ ವೇಗವನ್ನು ಇಮ್ಮಡಿಸಿ, 60 ಮಾಡಿ. ಆ ಒಂದು ಸೆಕೆಂಡಿನಲ್ಲೇ 17 ಮೀಟರು ಹೋಯಿತು. ಬ್ರೇಕು ಹಿಡಿದ ಮೇಲಿನ ದೂರ ಇಮ್ಮಡಿಯಲ್ಲ, ನಾಲ್ಕು ಪಟ್ಟು: 20 ಮೀಟರು. ಒಟ್ಟು 37.

ಇದರ ಅರ್ಥವನ್ನು ಗಮನಿಸಿ. 13 ಮೀಟರು ಮುಂದೆ ಮಗುವೊಂದು ಚೆಂಡಿನ ಹಿಂದೆ ರಸ್ತೆಗೆ ಓಡಿಬಂದಿತೆನ್ನಿ. 30ರಲ್ಲಿ ಬರುವವನು ಮಗುವಿನ ಮುಂದೆ ಬಂದು ನಿಲ್ಲುತ್ತಾನೆ. ಎದೆ ಹೊಡೆದುಕೊಳ್ಳುತ್ತದೆ, ಅಷ್ಟೆ. 60ರಲ್ಲಿ ಬರುವವನು ಬ್ರೇಕಿಗೆ ಕಾಲಿಡುವ ಮೊದಲೇ ಮಗುವನ್ನು ಮುಟ್ಟಿರುತ್ತಾನೆ, ಪೂರ್ತಿ ವೇಗದಲ್ಲಿಯೇ. 'ಸ್ವಲ್ಪ ಜಾಸ್ತಿ ವೇಗ' ಎಂದು ನಾವು ಹೇಳುವ ಮಾತಿನಲ್ಲಿ ಇಷ್ಟೊಂದು ವ್ಯತ್ಯಾಸ ಅಡಗಿದೆ.

ನಮ್ಮ ಬೆಂಗಳೂರಿನ ಉತ್ತರ ಭಾಗದವರಿಗಂತೂ ಈ ಲೆಕ್ಕ ದಿನನಿತ್ಯದ್ದು. 2003ರಲ್ಲಿ ಹೆಬ್ಬಾಳದ ಮೇಲುಸೇತುವೆ ಆಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಅದುವರೆಗೆ ಬಳ್ಳಾರಿ ರಸ್ತೆ ಎಂದರೆ ಕೃಷಿ ವಿಶ್ವವಿದ್ಯಾನಿಲಯದ ಹೊಲಗಳು, ಜಕ್ಕೂರಿನ ವಿಮಾನ ತರಬೇತಿಯ ಬಯಲು, ಆಮೇಲೆ ಯಲಹಂಕ. ಈಗ ವಿಮಾನ ತಪ್ಪೀತೆಂಬ ಆತುರದಲ್ಲಿರುವವರೂ ಮೊಸರು ತರಲು ಹೊರಟವರೂ ಒಂದೇ ದಾರಿಯಲ್ಲಿ. ಮೇಲುದಾರಿಯಲ್ಲಿ ಬಂದ ವೇಗ ಕೆಳಗಿಳಿದ ಮೇಲೂ ಕಾಲಿನಲ್ಲಿ ಉಳಿದಿರುತ್ತದೆ. ಕಣ್ಣಿಗೆ 60 ಎಂಬುದು 30ರಂತೆ ಕಾಣುತ್ತದೆ. ಇಳಿದ ಕೂಡಲೇ ಎದುರಿಗೆ ಬಸ್ಸಿಗೆ ಕಾದವರ ಗುಂಪು. ಯಶವಂತಪುರದ ಕಡೆಯ ಕಷ್ಟ ಬೇರೆ ಬಗೆಯದು. ಅಲ್ಲಿ ಬೆಳಗಿನ ಜಾವ ಈರುಳ್ಳಿ ಆಲೂಗಡ್ಡೆಯ ಲಾರಿಗಳು ಮಾರುಕಟ್ಟೆಯ ಪ್ರಾಂಗಣಕ್ಕೆ ಬರುತ್ತವೆ. ರಾತ್ರಿಯೆಲ್ಲ ನಿದ್ದೆಗೆಟ್ಟ ಚಾಲಕ. ರಸ್ತೆಯ ಬದಿಗೆ ದೀಪವಿಲ್ಲದೆ ನಿಂತ ಮತ್ತೊಂದು ಲಾರಿ. ನಡುವೆ ಸೈಕಲ್ಲಿನ ಮೇಲೆ ಸೊಪ್ಪಿನ ಕಟ್ಟು ಹೇರಿಕೊಂಡು ಹೊರಟವನು. ಬೇಸಗೆ ಕಳೆದು ಮೊದಲ ಮಳೆ ಬಿದ್ದ ದಿನ, ರಸ್ತೆಗೆ ಅಂಟಿದ ಎಣ್ಣೆ ಧೂಳು ಸೇರಿ ಸಾಬೂನಿನಂತಾದಾಗ, ಮೇಲೆ ಹೇಳಿದ ದೂರಗಳೆಲ್ಲ ಇನ್ನೂ ಉದ್ದವಾಗುತ್ತವೆ.

ಇನ್ನು ವಿಮೆಗೆ ಬರೋಣ. 'ವಿಮೆ' ಎಂಬುದು ನಮ್ಮ ಮಾತಲ್ಲ. ಪಾರಸಿಯಲ್ಲಿ 'ಬೀಮ್' ಎಂದರೆ ಭಯ, ಅದರಿಂದ 'ಬೀಮಾ', ಮರಾಠಿಯಲ್ಲಿ 'ವಿಮಾ', ನಮ್ಮಲ್ಲಿ ವಿಮೆ. ಭಯದಿಂದ ಹುಟ್ಟಿದ ಮಾತಾದರೂ ಅದು ಯಾರ ಭಯ ಎಂದು ಕೇಳಬೇಕು. ನಮ್ಮವರು ಬಹುಮಟ್ಟಿಗೆ ಪೋಲೀಸಿನವರ ಭಯಕ್ಕೆ ವಿಮೆ ಮಾಡಿಸುತ್ತಾರೆ. ಕಾಯಿದೆ ಮಾಡಿದವರ ಮನಸ್ಸಿನಲ್ಲಿ ಇದ್ದದ್ದು ಬೇರೆ.

ಬ್ರಿಟನ್ನಿನಲ್ಲಿ ಮೋಟಾರುಗಳು ಹೆಚ್ಚಿ, ಗುದ್ದಿದವನ ಹತ್ತಿರ ಕಾಸಿಲ್ಲದೆ ಗುದ್ದಿಸಿಕೊಂಡವರ ಸಂಸಾರಗಳು ಬೀದಿಪಾಲಾಗತೊಡಗಿದಾಗ, 1930ರ ರಸ್ತೆ ಸಂಚಾರ ಕಾಯಿದೆಯಲ್ಲಿ ಕಡ್ಡಾಯ ವಿಮೆ ಬಂದಿತು. ನಮ್ಮ ದೇಶದ 1939ರ ಮೋಟಾರು ವಾಹನಗಳ ಕಾಯಿದೆಯಲ್ಲಿ ಅದೇ ತತ್ತ್ವ ಸೇರಿ, ಆ ಅಧ್ಯಾಯ 1946ರ ಜುಲೈ 1ರಿಂದ ಜಾರಿಗೆ ಬಂದಿತು. ಈಗ ನಡೆಯುತ್ತಿರುವುದು 1988ರ ಕಾಯಿದೆ. 2019ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಯಾಯಿತು. ಇವೆಲ್ಲದರ ಕೇಂದ್ರದಲ್ಲಿರುವವನು 'ಮೂರನೆಯವನು'. ವಾಹನದ ಯಜಮಾನ ಒಬ್ಬನು, ವಿಮೆಯ ಕಂಪನಿ ಎರಡನೆಯದು. ಈ ಇಬ್ಬರ ಒಪ್ಪಂದದಲ್ಲಿ ಭಾಗವಿಲ್ಲದೆ, ತನ್ನ ಪಾಡಿಗೆ ತಾನು ರಸ್ತೆಯಲ್ಲಿ ಹೋಗುತ್ತಿದ್ದವನು ಮೂರನೆಯವನು. ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ನಮ್ಮ ವ್ಯಾಕರಣದಲ್ಲಿ 'ನಾನು' ಉತ್ತಮ ಪುರುಷ, 'ನೀನು' ಮಧ್ಯಮ ಪುರುಷ. ಇಂಗ್ಲಿಷಿನವರು ಮೂರನೆಯವನೆಂದು ಎಣಿಸುವ 'ಅವನು' ನಮ್ಮಲ್ಲಿ ಪ್ರಥಮ ಪುರುಷ. ಮೋಟಾರು ಕಾಯಿದೆ ಈ ವಿಷಯದಲ್ಲಿ ನಮ್ಮ ವೈಯಾಕರಣರ ಪಕ್ಷವೇ. ನಿಮ್ಮ ವಾಹನ ಜಖಂ ಆದದ್ದಕ್ಕೆ ವಿಮೆ ಮಾಡಿಸುವುದು ಬಿಡುವುದು ನಿಮ್ಮ ಇಷ್ಟ. 'ಅವನ' ಸಲುವಾಗಿ ಮಾಡಿಸದೆ ವಾಹನವನ್ನು ಬೀದಿಗಿಳಿಸುವಂತಿಲ್ಲ.

ಅವನಿಗೆ ಆದ ನಷ್ಟದ ಮೊತ್ತವನ್ನು ನ್ಯಾಯಾಲಯ ಹೇಗೆ ಕಟ್ಟುತ್ತದೆಂಬುದನ್ನು ತಿಳಿದರೆ ವಿಷಯ ಮನಸ್ಸಿಗೆ ನಾಟುತ್ತದೆ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದ ನ್ಯಾಯಾಧೀಶರೇ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಾಗಿ ಕುಳಿತು ಈ ಅರ್ಜಿಗಳನ್ನು ವಿಚಾರಿಸುತ್ತಾರೆ. ಲೆಕ್ಕದ ಸೂತ್ರವನ್ನು ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಮತ್ತು 2017ರಲ್ಲಿ ಎರಡು ತೀರ್ಪುಗಳಲ್ಲಿ ಖಚಿತಪಡಿಸಿದೆ. ಯಶವಂತಪುರದ ಆ ಸೊಪ್ಪಿನ ವ್ಯಾಪಾರಿಯನ್ನೇ ತೆಗೆದುಕೊಳ್ಳಿ. ವಯಸ್ಸು 30, ತಿಂಗಳ ಸಂಪಾದನೆ 15,000 ರೂಪಾಯಿ, ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ವರ್ಷಕ್ಕೆ 1,80,000 ಆಯಿತು. ನಲವತ್ತು ವರ್ಷದೊಳಗಿನ ಸ್ವಂತ ಕಸುಬಿನವನಾದ್ದರಿಂದ ಮುಂದೆ ಹೆಚ್ಚಬಹುದಾಗಿದ್ದ ಆದಾಯವೆಂದು ನೂರಕ್ಕೆ ನಲವತ್ತು ಸೇರಿಸಬೇಕು: 2,52,000. ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆಯಬೇಕು: 1,89,000. ಮೂವತ್ತರ ವಯಸ್ಸಿಗೆ ಗೊತ್ತುಮಾಡಿರುವ ಗುಣಕ 17. ಗುಣಿಸಿದರೆ 32,13,000 ರೂಪಾಯಿ. ಅಂತ್ಯಕ್ರಿಯೆಯ ವೆಚ್ಚ, ಹೆಂಡತಿಯ ಅಗಲಿಕೆಯ ನಷ್ಟ ಮೊದಲಾದವು ಇದರ ಮೇಲೆ, ಬಡ್ಡಿಯೂ ಸೇರುತ್ತದೆ.

ಈಗ ತಕ್ಕಡಿಯ ಇನ್ನೊಂದು ತಟ್ಟೆಯನ್ನು ನೋಡಿ. 2022ರ ಜೂನ್ 1ರಿಂದ ಜಾರಿಯಾದ ದರದ ಪ್ರಕಾರ, 75ರಿಂದ 150 ಸಿಸಿಯವರೆಗಿನ ಸ್ಕೂಟರು ಮೋಟಾರುಸೈಕಲ್ಲುಗಳಿಗೆ ಮೂರನೆಯವನ ವಿಮೆಯ ಕಂತು ವರ್ಷಕ್ಕೆ 714 ರೂಪಾಯಿ, ತೆರಿಗೆ ಬೇರೆ. ದಿನಕ್ಕೆ ಎರಡು ರೂಪಾಯಿಯೂ ಆಗಲಿಲ್ಲ. ಸಾವಿರ ಸಿಸಿಯೊಳಗಿನ ಖಾಸಗಿ ಕಾರಿಗೆ 2,094. ಈ ದರವನ್ನು ಸರ್ಕಾರವೇ ನಿಗದಿಮಾಡುವುದರಿಂದ ಯಾವ ಕಂಪನಿಯೂ ಹೆಚ್ಚು ಕಡಿಮೆ ಮಾಡುವಂತಿಲ್ಲ. ಇದನ್ನು ಕಟ್ಟದೆ ಉಳಿಸಿದವನಿಗೆ 2019ರ ತಿದ್ದುಪಡಿಯಂತೆ ಮೊದಲ ತಪ್ಪಿಗೆ 2,000 ರೂಪಾಯಿ ದಂಡವೋ ಮೂರು ತಿಂಗಳವರೆಗೆ ಸೆರೆವಾಸವೋ ಎರಡೂ ಸೇರಿಯೋ ಆಗಬಹುದೆಂದು ಕಾಯಿದೆಯಲ್ಲಿದೆ. ದಂಡ ಹೋಗಲಿ, ಆ ಮೂವತ್ತೆರಡು ಲಕ್ಷ ಅವನ ಮನೆ, ಹೊಲ, ಹೆಂಡತಿಯ ಒಡವೆಗಳಿಂದ ಬರಬೇಕು. ಬರದಿದ್ದರೆ ಸೊಪ್ಪಿನವನ ಮಕ್ಕಳಿಗೆ ತೀರ್ಪಿನ ಕಾಗದವಷ್ಟೇ ಉಳಿಯುತ್ತದೆ. ಹೊಸ ವಾಹನ ಕೊಂಡವರು ಎರಡನೆಯ ವರ್ಷವೇ ವಿಮೆಯನ್ನು ಮರೆಯುತ್ತಾರೆಂಬುದನ್ನು ಕಂಡೇ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ, ಹೊಸ ಕಾರಿಗೆ ಮೂರು ವರ್ಷದ್ದನ್ನೂ ಇಬ್ಬಾಲಿಗಳಿಗೆ ಐದು ವರ್ಷದ್ದನ್ನೂ ಕೊಳ್ಳುವಾಗಲೇ ಕಟ್ಟಿಸಿಕೊಳ್ಳಬೇಕೆಂದು ಆಜ್ಞೆ ಮಾಡಿತು. ಆರನೆಯ ವರ್ಷ ನೆನಪಿಡಬೇಕಾದವರು ನಾವೇ.

ಇಷ್ಟು ಕೇಳಿದ ಮೇಲೆ ಬುದ್ಧಿವಂತ ಓದುಗರು ಒಂದು ಪ್ರಶ್ನೆ ಕೇಳಬಹುದು. ನೆಟ್ಟಗೆ ನಡೆಸುವವನಿಗೂ ಕುಡಿದು ನಡೆಸುವವನಿಗೂ ಒಂದೇ ಕಂತೆ? ನ್ಯಾಯವೆ? ಅಮೆರಿಕದ ಅನೇಕ ಸಂಸ್ಥಾನಗಳಲ್ಲಿ ಹಾಗಿಲ್ಲ. ಅಲ್ಲಿ ವಿಮೆ ಚಾಲಕನ ಚರಿತ್ರೆಯನ್ನು ಹಿಂಬಾಲಿಸುತ್ತದೆ. ಕುಡಿದು ಸಿಕ್ಕಿಬಿದ್ದವನು, ಪದೇ ಪದೇ ಗುದ್ದಿದವನು, ಈಗತಾನೆ ಪರವಾನಿಗೆ ಪಡೆದ ತರುಣ, ಇವರೆಲ್ಲ ಹೆಚ್ಚಿನ ಅಪಾಯದವರೆಂದು ಎಣಿಸಲ್ಪಟ್ಟು ಹೆಚ್ಚಿನ ಕಂತು ತೆರುತ್ತಾರೆ. ನಮ್ಮಲ್ಲಿ ವಿಮೆ ಮನುಷ್ಯನನ್ನಲ್ಲ, ಯಂತ್ರವನ್ನು ನೋಡುತ್ತದೆ. ಎಂಜಿನಿನ ಗಾತ್ರ ಕೇಳುತ್ತದೆ, ಸವಾರನ ಗುಣ ಕೇಳುವುದಿಲ್ಲ. ನಮ್ಮಲ್ಲಿ ಅಪಾಯದವೆಂದು ಕಂಪನಿಗಳು ಹಿಂಜರಿದದ್ದು ಲಾರಿ ಮೊದಲಾದ ಬಾಡಿಗೆಯ ವಾಹನಗಳನ್ನು. ಅವುಗಳ ಹೊರೆಯನ್ನು ಎಲ್ಲ ಕಂಪನಿಗಳೂ ಹಂಚಿಕೊಳ್ಳಲೆಂದು 2007ರಿಂದ 2012ರವರೆಗೆ ಒಂದು ಸಾಮಾನ್ಯ ನಿಧಿಯನ್ನೇ ನಡೆಸಬೇಕಾಯಿತು. ಸಂಚಾರದ ನಿಯಮ ಮುರಿದವರಿಗೆ ಕಂತು ಹೆಚ್ಚಿಸಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರದ ಒಂದು ತಂಡ 2021ರ ಜನವರಿಯಲ್ಲಿ ಸಲಹೆ ಕೊಟ್ಟಿತು. 2022ರ ಜುಲೈಯಲ್ಲಿ, ವಾಹನ ಎಷ್ಟು ದೂರ ಓಡಿತು, ಹೇಗೆ ಓಡಿತು ಎಂಬುದನ್ನು ಯಂತ್ರದಿಂದ ಅಳೆದು ಸ್ವಂತ ಹಾನಿಯ ಕಂತನ್ನು ಗೊತ್ತುಮಾಡಲು ಕಂಪನಿಗಳಿಗೆ ಅನುಮತಿ ಸಿಕ್ಕಿತು. ನನ್ನ ಅಭಿಪ್ರಾಯ ಕೇಳಿದರೆ, ದುಡುಕುವವನು ಹೆಚ್ಚು ತೆರುವುದೇ ಸರಿ. ಆದರೆ ಕಂತು ತೀರ ಏರಿದರೆ ಅವನು ವಿಮೆಯನ್ನೇ ಬಿಟ್ಟಾನು. ಆಗ ಕೆಡುವುದು ಮತ್ತೆ ಆ ಮೂರನೆಯವನೇ. ಈ ತೊಡಕನ್ನು ಬಲ್ಲವರು ಬಿಡಿಸಬೇಕು.

ಹಾಗೆಂದು ನಮ್ಮಲ್ಲಿ ಒಳ್ಳೆಯ ಸವಾರನಿಗೆ ಏನೂ ಲಾಭವಿಲ್ಲವೆಂದಲ್ಲ. ಸ್ವಂತ ವಾಹನದ ಹಾನಿಗೂ ವಿಮೆ ಮಾಡಿಸಿದವರು ಒಂದು ವರ್ಷ ಪರಿಹಾರ ಕೇಳದಿದ್ದರೆ ಮರುವರ್ಷ ಆ ಭಾಗದ ಕಂತಿನಲ್ಲಿ ನೂರಕ್ಕೆ 20 ಬಿಡುತ್ತಾರೆ. ಹೀಗೆಯೇ ಮುಂದುವರಿದರೆ 25, 35, 45, ಐದನೆಯ ವರ್ಷದ ಮೇಲೆ 50. ಈ ರಿಯಾಯಿತಿ ಯಜಮಾನನದು, ವಾಹನದ್ದಲ್ಲ. ಹಳೆಯ ಕಾರನ್ನು ಮಾರಿ ಹೊಸದನ್ನು ಕೊಂಡರೂ ಜೊತೆಗೆ ಬರುತ್ತದೆ. ವಿಮೆ ಮುಗಿದು 90 ದಿನ ಕಳೆಯಿತೋ, ಹೋಯಿತು. ಬಾಗಿಲಿಗೆ ಬಿದ್ದ ಸಣ್ಣ ಗೀರಿಗೆಲ್ಲ ಪರಿಹಾರ ಕೇಳಿ ಐದು ವರ್ಷದ ರಿಯಾಯಿತಿಯನ್ನು ಕಳೆದುಕೊಳ್ಳುವವರನ್ನು ನಾನು ನೋಡಿದ್ದೇನೆ.

ಆ ಹುಡುಗನ ತಂದೆಯ ಸಂಗತಿಗೆ ಮರಳೋಣ. ವಿಮೆ ಇದ್ದಮಾತ್ರಕ್ಕೆ ಅವರು ಪಾರಾದರೆ? ಇಲ್ಲ. ಪರವಾನಿಗೆ ಇಲ್ಲದವನ ಕೈಗೆ ವಾಹನ ಕೊಡುವುದು ವಿಮೆಯ ಷರತ್ತನ್ನು ಮುರಿದಂತೆ. ಇಂಥ ಸಂದರ್ಭದಲ್ಲಿ ಕಂಪನಿ ಮೊದಲು ಗಾಯಾಳುವಿಗೆ ಕೊಟ್ಟು, ಆಮೇಲೆ ಯಜಮಾನನಿಂದ ವಸೂಲುಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆಜ್ಞೆ ಮಾಡುವುದುಂಟು. 2004ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ಇದಕ್ಕೆ ಆಧಾರ. ಎಂದರೆ ಮೂರನೆಯವನು ಉಳಿದ, ತಂದೆ ಉಳಿಯಲಿಲ್ಲ. ಇದರ ಮೇಲೆ, 2019ರಲ್ಲಿ ಸೇರಿಸಿದ ವಿಧಿಯೊಂದರಂತೆ, ಅಪ್ರಾಪ್ತ ವಯಸ್ಸಿನವನು ವಾಹನ ನಡೆಸಿ ಅಪರಾಧವಾದರೆ ಪೋಷಕರಿಗೆ ಅಥವಾ ಯಜಮಾನನಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಿಗೆ ಇಲ್ಲ. ತನಗೆ ತಿಳಿಯದೆ ಹೀಗಾಯಿತೆಂದು ತೋರಿಸಿಕೊಟ್ಟರೆ ತಂದೆಗೆ ಬಿಡುಗಡೆಯುಂಟು. "ಅಪ್ಪಾನೇ ತಗೊಂಡ್ಹೋಗು ಅಂದ್ರು" ಎಂದು ಮಗನೇ ಹೇಳಿದ ಮೇಲೆ ಏನು ತೋರಿಸುವುದು?

ಕುಡಿತದ ಮಾತೂ ಹೀಗೆಯೇ. ರಕ್ತದ 100 ಮಿಲಿಲೀಟರಿನಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯವಿದ್ದರೆ ಅಪರಾಧ. ಸ್ವಂತ ಹಾನಿಯ ಪರಿಹಾರವನ್ನು ಕಂಪನಿ ನಿರಾಕರಿಸುತ್ತದೆ.

ಸ್ಕೂಟರಿನ ಹಿಂದೆ ಕುಳಿತವರ ವಿಷಯ ಬಹುಜನಕ್ಕೆ ಗೊತ್ತಿಲ್ಲದ್ದು. ತಂಗಿಯನ್ನೋ ಹೆಂಡತಿಯನ್ನೋ ಕೂರಿಸಿಕೊಂಡು ಹೋಗುವಾಗ, ಅವರೂ ಮೂರನೆಯವರೇ ಆದ್ದರಿಂದ ವಿಮೆ ಇದೆ ಎಂದು ಭಾವಿಸುತ್ತೇವೆ. ಬರಿಯ ಕಡ್ಡಾಯದ ವಿಮೆ ಹಿಂದೆ ಕುಳಿತವರಿಗೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಹೇಳಿತು. ಅವರಿಗೂ ರಕ್ಷಣೆ ಬೇಕಾದರೆ ಸಮಗ್ರ ವಿಮೆಯನ್ನು ಮಾಡಿಸಬೇಕು. ವಾಹನ ನಡೆಸುವ ಯಜಮಾನನ ಸ್ವಂತ ಜೀವಕ್ಕೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಬೇರೆ ಇದೆ. ಕಾಗದದಲ್ಲಿ ಆ ಸಾಲು ಇದೆಯೇ ಎಂದು ನೋಡಿಕೊಳ್ಳಿ. ಹಿಂದೆ ಕುಳಿತವರಿಗೂ ಹೆಲ್ಮೆಟ್ಟು ಕಡ್ಡಾಯವೆಂದು ಕರ್ನಾಟಕದಲ್ಲಿ 2016ರ ಜನವರಿಯಲ್ಲೇ ಆಜ್ಞೆಯಾಗಿದೆ. ಹೆಲ್ಮೆಟ್ಟಿನ ಪಟ್ಟಿಯನ್ನು ಗಲ್ಲದ ಕೆಳಗೆ ಬಿಗಿಯದೆ ಬರಿದೆ ತಲೆಯ ಮೇಲಿಟ್ಟುಕೊಂಡರೆ ಬೀಳುವಾಗ ತಲೆಗಿಂತ ಮೊದಲು ಅದು ಹಾರಿಹೋಗುತ್ತದೆ.

ನನ್ನದೇ ಒಂದು ದಡ್ಡತನವನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಸ್ಕೂಟರನ್ನು ಪರಿಚಯದವರೊಬ್ಬರಿಗೆ ಮಾರಿದೆ. ಹಣ ಎಣಿಸಿಕೊಂಡೆ, ಕೀಲಿಕೈ ಕೊಟ್ಟೆ, ಕಾಗದ ಆಮೇಲೆ ಮಾಡೋಣವೆಂದು ಇಬ್ಬರೂ ನಕ್ಕೆವು. ಎಂಟು ತಿಂಗಳ ಮೇಲೆ ನನ್ನ ಹೆಸರಿಗೆ ದಂಡದ ನೋಟೀಸು ಬಂದಿತು. ಮೂವರು ಕುಳಿತು ಕೆಂಪು ದೀಪ ದಾಟಿದ್ದರ ಛಾಯಾಚಿತ್ರ ಸಹಿತ. ದಂಡದೊಂದಿಗೆ ಮುಗಿದದ್ದು ನನ್ನ ಪುಣ್ಯ. ನೋಂದಣಿಯ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಪರಿಹಾರಕ್ಕೆ ಹೊಣೆ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸ್ಪಷ್ಟಪಡಿಸಿದೆ. ಮರುದಿನವೇ ಯಶವಂತಪುರದ ಪ್ರಾದೇಶಿಕ ಸಾರಿಗೆ ಕಚೇರಿಗೆ ಓಡಿ ಹೆಸರು ಬದಲಾಯಿಸಿದೆ. ಕೊಂಡವರು 14 ದಿನಗಳೊಳಗೆ ವಿಮೆಯ ಕಂಪನಿಗೂ ತಿಳಿಸಬೇಕು. ಈಗ ಕೇಂದ್ರ ಸರ್ಕಾರದವರು ಪರವಾನಿಗೆಯ ವ್ಯವಸ್ಥೆಗೆ 'ಸಾರಥಿ' ಎಂದೂ ನೋಂದಣಿಯದಕ್ಕೆ 'ವಾಹನ್' ಎಂದೂ ಹೆಸರಿಟ್ಟು ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ನಿಮ್ಮ ವಿಮೆ ಎಂದು ಮುಗಿಯುತ್ತದೆಂಬುದು ಅಲ್ಲಿಯೇ ಸಿಗುತ್ತದೆ. ಮನೆಯ ಮಕ್ಕಳಿಗೆ ಹೇಳಿದರೆ ತೆಗೆದು ತೋರಿಸುತ್ತಾರೆ.

ಎಷ್ಟು ಜಾಗರೂಕರಾದರೂ ಅನಾಹುತ ಎದುರಾಗಬಹುದು. ಆಗ ಓಡಬಾರದು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು, 24 ಗಂಟೆಗಳೊಳಗೆ ಪೋಲೀಸು ಠಾಣೆಗೆ ತಿಳಿಸುವುದು ಚಾಲಕನ ಕರ್ತವ್ಯ. ಗುದ್ದಿದವನು ಓಡಿಹೋಗಿ ವಾಹನ ಪತ್ತೆಯಾಗದಿದ್ದರೂ, 2022ರ ಏಪ್ರಿಲ್‌ನಿಂದ ಜಾರಿಯಾದ ಯೋಜನೆಯಂತೆ ಸಾವಾದರೆ 2 ಲಕ್ಷ, ಭಾರಿ ಗಾಯವಾದರೆ 50,000 ರೂಪಾಯಿ ದೊರೆಯುತ್ತದೆ. ಗಾಯಗೊಂಡವರ ಚಿಕಿತ್ಸೆಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ಹಣ ಕೇಳದೆ ಉಪಚರಿಸುವ ಯೋಜನೆಯನ್ನು 2025ರ ಮೇ ತಿಂಗಳಲ್ಲಿ ಸರ್ಕಾರ ಪ್ರಕಟಿಸಿದೆ. ಪರಿಹಾರದ ಅರ್ಜಿಗೆ ಆರು ತಿಂಗಳ ಅವಧಿಯನ್ನು ಕಾಯಿದೆಯಲ್ಲಿ ಸೇರಿಸಿರುವುದರಿಂದ ತಡಮಾಡಬಾರದು. ಹೆಬ್ಬಾಳದಲ್ಲಿ ಗಾಯವಾದ ಚಿಕ್ಕಬಳ್ಳಾಪುರದವರು ಅರ್ಜಿಯನ್ನು ತಮ್ಮ ಊರಿನಲ್ಲಿಯೇ ಹಾಕಬಹುದು. ದಾರಿಹೋಕರು 'ನಮಗೇಕೆ ಸಾಕ್ಷಿಯ ಗೊಡವೆ' ಎಂದು ದೂರ ಸರಿಯಬೇಕಾಗಿಲ್ಲ. ನೆರವಾದವರನ್ನು ಪೀಡಿಸಬಾರದೆಂದು 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಕರ್ನಾಟಕದಲ್ಲಿ ಇದಕ್ಕಾಗಿಯೇ ಒಂದು ಕಾಯಿದೆಯೂ ಆಯಿತು. ಹೆಸರು ಹೇಳದೆಯೂ 108ಕ್ಕೆ ದೂರವಾಣಿ ಮಾಡಬಹುದು.

ಆ ಹುಡುಗನ ಸ್ಕೂಟರು ಇನ್ನೂ ನಮ್ಮ ಶಾಲೆಯ ಅಂಗಳದಲ್ಲಿ, ಹೊಂಗೆಯ ಮರದ ಕೆಳಗೆ ನಿಂತಿದೆ. ಅಣ್ಣ ತಂಗಿ ಇಬ್ಬರೂ ನಡೆದು ಬರುತ್ತಿದ್ದಾರೆ, ಹನ್ನೆರಡು ನಿಮಿಷವಾಗುತ್ತದಂತೆ. ಕೀಲಿಕೈ ನನ್ನ ಮೇಜಿನ ಖಾನೆಯಲ್ಲಿದೆ. ಶನಿವಾರ ಬರುತ್ತೇನೆಂದು ತಂದೆ ಹೇಳಿಕಳುಹಿಸಿದ್ದಾರೆ. ಬರುವಾಗ ವಿಮೆಯ ಕಾಗದವನ್ನೂ ತನ್ನಿರೆಂದು ಹುಡುಗನ ಕೈಯಲ್ಲಿ ಚೀಟಿ ಕೊಟ್ಟಿದ್ದೇನೆ.